ಸಂಶೋಧನೆಗೆ ಸಿಕ್ಕಿದ ನನ್ನ ಹೆಂಡತಿ

ನನ್ನ ಮನೆಯಲ್ಲಿ, ನನ್ನ ಕುರ್ಚಿಯಲ್ಲಿ, ನಾನೇ ಅಂಗಡಿಗೆ ಹೋಗಿ ತಂದಿಟ್ಟ ಬಿಸ್ಕತ್ತಿನ ಎದುರಿಗೆ ಕೂತಿದ್ದ ನನ್ನನ್ನು ಒಬ್ಬ ಪ್ರೊಫೆಸರ್ ಬಹಳ ಮರ್ಯಾದೆಯಿಂದ ಎಬ್ಬಿಸಿ ಹೊರಗೆ ಕಳಿಸಿದ್ದರು. ಇದನ್ನು ಹೇಳಿಕೊಳ್ಳಲು ನನಗೆ ಈಗಲೂ ಸ್ವಲ್ಪ ಸಂಕೋಚ. ಬೈದಿದ್ದರೆ ಜಗಳಕ್ಕಾದರೂ ನಿಲ್ಲಬಹುದಿತ್ತು. ಆಕೆ ನಗುನಗುತ್ತಾ, "ಸಾರ್, ತಪ್ಪು ತಿಳ್ಕೋಬೇಡಿ, ಅಮ್ಮನವರನ್ನ ಒಬ್ಬರನ್ನೇ ಕೇಳ್ಬೇಕು" ಅಂದರು. ನಾನೂ ನಗುನಗುತ್ತಾ ಎದ್ದು ದನದ ಕೊಟ್ಟಿಗೆಗೆ ಹೋದೆ. ನಗುತ್ತಾ ಅವಮಾನ ಪಡುವುದನ್ನು ಮೇಷ್ಟರ ಕೆಲಸ ಚೆನ್ನಾಗಿ ಕಲಿಸಿಕೊಡುತ್ತದೆ.

ಅವಮಾನ ಯಾಕೆಂದರೆ, ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟರಾಗಿ ನಿವೃತ್ತನಾದವನು. ಮೌರ್ಯರ ಆಡಳಿತ, ಕಪ್ಪು ಮಣ್ಣು, ಪಂಚಾಯತಿ, ಮುಂಗಾರು ಮಾರುತ, ಬ್ಯಾಂಕು, ಮಹಿಳೆಯರ ಸ್ಥಾನಮಾನ, ಹೀಗೆ ಈ ಜಗತ್ತಿನಲ್ಲಿ ಗಣಿತ, ವಿಜ್ಞಾನ, ಭಾಷೆ ಮೂರರಲ್ಲೂ ಜಾಗ ಸಿಗದೆ ಉಳಿದುಹೋದ ಎಲ್ಲವನ್ನೂ ಪಾಠ ಮಾಡಿದ್ದೇನೆ. ಸಮಾಜ ವಿಜ್ಞಾನದ ಪ್ರೊಫೆಸರೇ ಕಾರು ಮಾಡಿಕೊಂಡು ಮನೆ ಬಾಗಿಲಿಗೆ ಬಂದರೆ ಅವರು ಯಾರನ್ನು ಕೇಳಬೇಕು? ಜಯಮ್ಮನನ್ನು ಕೇಳಿದರು. ಜಯಮ್ಮ ನನ್ನ ಹೆಂಡತಿ.

ನಮ್ಮೂರು ದೇವನಹಳ್ಳಿ ತಾಲ್ಲೂಕಿನ ಕುಂದಾಣದ ಹತ್ತಿರ. ವಿಶ್ವವಿದ್ಯಾಲಯದವರಿಗೆ ನಮ್ಮೂರಿನ ಮೇಲೆ ಇರುವ ಪ್ರೀತಿ ಸ್ವಂತ ಊರಿನವರಾದ ನಮಗೂ ಇಲ್ಲ. ಬಹಳ ದಿನ ಇದು ನಮ್ಮ ಸಂಸ್ಕೃತಿಯ ಹಿರಿಮೆ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು. ಬೆಂಗಳೂರಿನ ಸಂಶೋಧಕರ ಲೆಕ್ಕದಲ್ಲಿ ಗ್ರಾಮೀಣ ಭಾರತ ಎಂದರೆ, ಬೆಳಿಗ್ಗೆ ತಿಂಡಿ ತಿಂದು ಹೊರಟು, ಬಡತನ ವಿಚಾರಿಸಿಕೊಂಡು, ಸಂಜೆ ಟ್ರಾಫಿಕ್ ಶುರುವಾಗುವ ಮೊದಲು ಮನೆ ಸೇರಬಹುದಾದ ಜಾಗ. ಆ ಭಾರತ ಏರ್‌ಪೋರ್ಟ್ ದಾಟಿದ ಮೇಲೆ ಶುರುವಾಗಿ ನಮ್ಮೂರ ಹಾಲಿನ ಡೇರಿಯ ಹತ್ತಿರ ಮುಗಿಯುತ್ತದೆ. ಹಾಗಾಗಿ ನಮ್ಮ ಶೌಚಾಲಯ, ನಮ್ಮ ರಾಗಿ ಮುದ್ದೆ, ನಮ್ಮ ಮೊಬೈಲು, ನಾವು ದ್ರಾಕ್ಷಿ ಬೆಳೆಯುವುದನ್ನು ಬಿಟ್ಟದ್ದು, ಗುಲಾಬಿ ಹಾಕಿದ್ದು ಎಲ್ಲವೂ ಎಲ್ಲೋ ಒಂದು ಕಡೆ ಇಂಗ್ಲಿಷಿನಲ್ಲಿ ಅಚ್ಚಾಗಿವೆ. ನಮ್ಮ ತಾಲ್ಲೂಕಿನದೇ ಚನ್ನರಾಯಪಟ್ಟಣದ ಕಡೆ ರೈತರು ಜಮೀನು ಕೊಡಲ್ಲ ಅಂತ ಪಟ್ಟು ಹಿಡಿದು ಕೂತಿದ್ದಾಗ, ಅವರನ್ನು ಕೇಳಲು ಹೊರಟವರು ದಾರಿ ತಪ್ಪಿ ನಮ್ಮೂರಿಗೆ ಬಂದು ನಮ್ಮನ್ನೇ ಕೇಳಿಕೊಂಡು ಹೋದದ್ದೂ ಉಂಟು.

ಇದರಿಂದ ಊರಿಗೆ ಏನೂ ಲಾಭವಾಗಿಲ್ಲ ಎಂದರೆ ತಪ್ಪಾಗುತ್ತದೆ. ಪಕ್ಕದ ಮನೆಯ ಮುನಿರಾಜು ಉತ್ತರ ಕೊಡುವುದರಲ್ಲಿ ಪಳಗಿದ್ದಾನೆ. ಅರಳಿಕಟ್ಟೆಯ ಮೇಲೆ ಕೂತು, ಬಂದವರನ್ನು ದೂರದಿಂದಲೇ ನೋಡಿ, "ನೀವು ಶೌಚಾಲಯದೋರಾ, ಮೊಬೈಲಿನೋರಾ?" ಅಂತ ಕೇಳುತ್ತಾನೆ. 'ಪೂರ್ತಿ ಒಪ್ಪುತ್ತೇನೆ, ಸ್ವಲ್ಪ ಮಟ್ಟಿಗೆ ಒಪ್ಪುತ್ತೇನೆ, ಒಪ್ಪುವುದಿಲ್ಲ' ಎಂಬ ಆಯ್ಕೆಗಳು ಅವನ ನಾಲಿಗೆಯಲ್ಲಿ ಎಷ್ಟು ಕೂತಿವೆ ಎಂದರೆ, ಸಾರು ಹೇಗಿದೆ ಅಂತ ಹೆಂಡತಿ ಕೇಳಿದರೂ "ಸ್ವಲ್ಪ ಮಟ್ಟಿಗೆ ಒಪ್ತೀನಿ" ಅಂದು ಬೈಸಿಕೊಂಡಿದ್ದಾನೆ.

ಇಂಥ ಊರಿಗೆ ಆ ಪ್ರೊಫೆಸರ್, ವಸುಧಾ ಮೇಡಂ, ಬಂದರು. ಮೂವತ್ತೈದು ನಲವತ್ತರ ಹೆಂಗಸು, ಕಾಟನ್ ಸೀರೆ, ಕೈಯಲ್ಲಿ ಟ್ಯಾಬು. ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ಹಳ್ಳಿಯ ಹೆಂಗಸರ ಓಡಾಟ ಹೆಚ್ಚಾಗಿದೆಯೇ, ಮನೆಯಲ್ಲಿ ಅವರ ಮಾತಿಗೆ ಬೆಲೆ ಬಂದಿದೆಯೇ ಎಂಬುದು ಅವರ ಸಂಶೋಧನೆ. ಇಂಗ್ಲಿಷಿನಲ್ಲಿ ಅದರ ಹೆಸರು ಎಷ್ಟು ಉದ್ದವಿತ್ತೆಂದರೆ, ಮಧ್ಯದಲ್ಲಿ ಒಂದು ಕೋಲನ್ ಹಾಕಿ ಉಸಿರು ತೆಗೆದುಕೊಳ್ಳಲು ಜಾಗ ಬಿಟ್ಟಿದ್ದರು. ಊರಿನ ಹೆಂಗಸರ ಹೆಸರುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ಚೀಟಿ ಎತ್ತಿದ ಹಾಗೆ ಎತ್ತಿದರಂತೆ. ಜಯಮ್ಮನ ಹೆಸರು ಬಂತು.

"ನಮ್ಮನೇಲಿ ಏನ್ ಕೇಳ್ಬೇಕಾದ್ರೂ ನನ್ನನ್ನ ಕೇಳಿ ಮೇಡಂ, ಇವಳಿಗೆ ಅಷ್ಟು ಹೇಳೋಕೆ ಬರಲ್ಲ" ಎಂದೆ. ಮಹಿಳೆಯರ ಸ್ಥಾನಮಾನ ಕುರಿತ ಸಂಶೋಧನೆಗೆ ಇದಕ್ಕಿಂತ ಒಳ್ಳೆಯ ಆರಂಭ ಅವರಿಗೆ ಬೇರೆ ಯಾರ ಮನೆಯಲ್ಲೂ ಸಿಕ್ಕಿರಲಿಕ್ಕಿಲ್ಲ. ನನ್ನನ್ನು ಕೊಟ್ಟಿಗೆಗೆ ಕಳಿಸಿದ್ದು ಆಗಲೇ.

ಕೊಟ್ಟಿಗೆಯಲ್ಲಿ ಹಸು ನನ್ನನ್ನು ನೋಡಿ ಯಾರೋ ಡಾಕ್ಟರು ಬಂದರೆಂದು ಹಿಂದೆ ಸರಿಯಿತು. ಒಳಗಿನ ಮಾತು ಕಿಟಕಿಯಿಂದ ಚೂರುಪಾರು ಕೇಳುತ್ತಿತ್ತು. ಮೊದಲು ಮೇಡಂ ಒಪ್ಪಿಗೆಯ ಮಾತುಗಳನ್ನು ಓದಿದರು. "ನಿಮಗೆ ಇಷ್ಟ ಇಲ್ಲದಿದ್ದರೆ ಯಾವಾಗ ಬೇಕಾದರೂ ಎದ್ದು ಹೋಗಬಹುದು" ಅಂತ ಬಂದಾಗ ಜಯಮ್ಮ, "ನಮ್ಮನೆಯಿಂದ ನಾನ್ಯಾಕೆ ಎದ್ದೋಗ್ಲಿ ಮೇಡಂ?" ಎಂದಳು. ಇಬ್ಬರೂ ನಕ್ಕರು. ಆಮೇಲೆ ಸ್ವಲ್ಪ ಹೊತ್ತು ನಗು ಬರುತ್ತಲೇ ಇತ್ತು. ಆಮೇಲೆ ನಿಂತುಹೋಯಿತು. ಗಂಡನಾದವನಿಗೆ ಹೆಂಡತಿಯ ನಗುವಿನಷ್ಟೇ ಅವಳು ಇನ್ನೊಬ್ಬರ ಎದುರು ಸುಮ್ಮನಾಗುವುದೂ ಕಳವಳ ಹುಟ್ಟಿಸುತ್ತದೆ. ನಾನು ಹಸುವಿನ ಪಕ್ಕದಲ್ಲಿ ಕಿವಿ ಚಾಚಿಕೊಂಡು ನಿಂತೆ. ಏನೂ ಕೇಳಿಸಲಿಲ್ಲ.

ಕಾರು ಹೋದ ಮೇಲೆ, "ಏನ್ ಕೇಳಿದ್ರೇ?" ಎಂದೆ.

"ಹೇಳ್ಬಾರ್ದಂತೆ. ಗೌಪ್ಯ" ಅಂದಳು.

ಎದುರುಮನೆಯಲ್ಲಿ ಅತ್ತೆ ಸೊಸೆಗೆ ಏನಂದಳು ಎಂಬುದನ್ನು ನಾನು ಬೇಡವೆಂದರೂ ಹೇಳುವವಳ ಬಾಯಲ್ಲಿ ಈ ಗೌಪ್ಯ ಎಂಬ ಮಾತು ಕೇಳಿ ನನಗೆ ಊಟ ಸೇರಲಿಲ್ಲ. ಒಂದೆರಡು ದಿನ ಕಳೆದ ಮೇಲೆ, ಹಾಲು ಕಾಯಿಸುತ್ತಾ, ಅವಳೇ ಬಾಯಿ ಬಿಟ್ಟಳು.

"ಒಬ್ಬರೇ ಎಲ್ಲಿಗಾದ್ರೂ ಹೋಗಿದ್ದೀರಾ ಅಂತ ಕೇಳಿದ್ರು ರೀ."

"ಹೋಗಿದ್ದೀಯಲ್ಲ. ದೇವನಹಳ್ಳಿ ಆಸ್ಪತ್ರೆಗೆ ಹೋಗಿದ್ದೆ. ತುಮಕೂರಿಗೆ ಶೋಭನ ಬಾಣಂತನಕ್ಕೆ ಹೋಗಿದ್ದೆ." ಶೋಭಾ ನಮ್ಮ ಮಗಳು.

"ಅದೇ ಹೇಳ್ದೆ. ಕೆಲಸಕ್ಕಲ್ಲ, ಮದುವೆ-ಸಾವು-ಬಾಣಂತನಕ್ಕಲ್ಲ, ಸುಮ್ನೆ ಹೋಗಿದ್ದೀರಾ ಅಂದ್ರು."

"ಸುಮ್ನೆ ಯಾರು ಹೋಗ್ತಾರೆ?"

"ನೀವು ಹೋಗ್ತೀರಲ್ಲ" ಎಂದಳು.

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಹಾಲು ಉಕ್ಕುತ್ತಿತ್ತು, ಇಳಿಸಿದಳು. ನಾನು ದಿನಾ ಸಂಜೆ ಚಪ್ಪಲಿ ಮೆಟ್ಟಿಕೊಂಡು ಕುಂದಾಣದ ಸರ್ಕಲ್ಲಿಗೆ ಹೋಗುತ್ತೇನೆ, ಟೀ ಕುಡಿಯುತ್ತೇನೆ, ಬರುತ್ತೇನೆ. ಯಾಕೆ ಹೋಗಿದ್ದೆ ಎಂದು ಇದುವರೆಗೂ ಯಾರೂ ಕೇಳಿಲ್ಲ. ನಾನೂ ಕೇಳಿಕೊಂಡಿಲ್ಲ.

ಈ 'ಸುಮ್ನೆ' ಎಂಬ ಪದದ ಬಗ್ಗೆ ಯಾವ ಪಂಡಿತರೂ ಸರಿಯಾಗಿ ಯೋಚಿಸಿದಂತೆ ಕಾಣುವುದಿಲ್ಲ. ಗಲಾಟೆ ಮಾಡುವ ಹುಡುಗನಿಗೆ 'ಸುಮ್ನಿರೋ' ಎಂದರೆ ಬಾಯಿ ಮುಚ್ಚು ಎಂದರ್ಥ. 'ಸುಮ್ನೆ ಹೇಳ್ದೆ ಕಣೋ' ಎಂದರೆ ಹೇಳಿದ್ದು ಸುಳ್ಳು. 'ಸುಮ್ನೆ ಕೊಡ್ತಾರಾ?' ಎಂದರೆ ಪುಕ್ಕಟೆ. 'ಸುಮ್ನೆ ಬಂದೆ' ಎಂದರೆ ಕಾರಣವಿಲ್ಲ, ಮನಸ್ಸಾಯಿತು. ನಮ್ಮ ಮನೆಗಳಲ್ಲಿ ಈ ಅರ್ಥಗಳನ್ನು ಬಹಳ ಹಿಂದೆಯೇ ಪಾಲು ಮಾಡಿದ್ದಾರೆ. ಮೊದಲನೆಯದು ಹೆಂಗಸರಿಗೆ, ಕೊನೆಯದು ಗಂಡಸರಿಗೆ. ಊರಿನ ಅರ್ಧ ಗಂಡಸರು ಇಡೀ ದಿನ ಅರಳಿಕಟ್ಟೆಯ ಮೇಲೆ ತಮ್ಮ ಪಾಲನ್ನು ಅನುಭವಿಸುತ್ತಿರುತ್ತಾರೆ.

ಮುಂದಿನ ವಾರ ಜಯಮ್ಮ ಬೆಳಗಿನ ಹಾಲು ಕರೆದು, ಡೇರಿಗೆ ಹಾಕಿ, ತಿಂಡಿ ಮಾಡಿಟ್ಟು, ಒಳ್ಳೆಯ ಸೀರೆ ಉಟ್ಟು ನಿಂತಳು.

"ಎಲ್ಲಿಗೆ?"

"ಸುಮ್ನೆ. ಹೋಗ್ಬರ್ತೀನಿ."

ದೊಡ್ಡಬಳ್ಳಾಪುರಕ್ಕೆ ಹೋಗಿ, ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಮಗ್ಗದ ಸದ್ದು ಕೇಳುವ ಬೀದಿಗಳಲ್ಲಿ ನಡೆದಾಡಿ, ಮಧ್ಯಾಹ್ನಕ್ಕೆ ವಾಪಸ್ ಬಂದಳು. ಕೈಯಲ್ಲಿ ಏನೂ ಇರಲಿಲ್ಲ. ದೊಡ್ಡಬಳ್ಳಾಪುರಕ್ಕೆ ಹೋಗಿ ಒಂದು ಸೀರೆಯನ್ನೂ ತಾರದೆ ಬಂದ ಹೆಂಗಸನ್ನು ನಾನು ಮೊದಲ ಸಲ ನೋಡಿದೆ. ಇನ್ನೊಂದು ಸಲ ನೆಲಮಂಗಲದವರೆಗೂ ಹೋಗಿ, ಅಲ್ಲಿಂದ ತ್ಯಾಮಗೊಂಡ್ಲುವಿಗೆ ಹೋಗಿದ್ದಳು.

"ತ್ಯಾಮಗೊಂಡ್ಲುಲಿ ಯಾರಿದ್ದಾರೆ?"

"ಯಾರೂ ಇಲ್ಲ. ಬಸ್ಸಿನ ಬೋರ್ಡು ನೋಡ್ದೆ, ಹೆಸರು ಚೆನ್ನಾಗಿತ್ತು, ಹತ್ತಿದೆ."

"ಏನ್ ನೋಡ್ದೆ?"

"ತೆಂಗಿನ ತೋಟ. ಒಂದು ಕೆರೆ. ಏರಿ ಮೇಲೆ ಕೂತಿದ್ದೆ."

"ಆಮೇಲೆ?"

"ಆಮೇಲೆ ಎದ್ದೆ."

ನಾನು ನಲವತ್ತು ಮಕ್ಕಳ ಕ್ಲಾಸಿನಲ್ಲಿ ಎಂಥೆಂಥ ಕಳ್ಳರ ಬಾಯಿ ಬಿಡಿಸಿದವನು. ಈ ಉತ್ತರದಿಂದ ಮುಂದಕ್ಕೆ ಯಾವ ಪ್ರಶ್ನೆಯೂ ಹೊಳೆಯಲಿಲ್ಲ.

ಊರಿಗೆ ಮಾತ್ರ ಬೇಕಾದಷ್ಟು ಹೊಳೆಯಿತು. ಚೀಲವಿಲ್ಲದೆ, ಮಕ್ಕಳಿಲ್ಲದೆ, ಗಂಡನಿಲ್ಲದೆ ಒಬ್ಬ ಹೆಂಗಸು ಬಸ್ ಸ್ಟಾಪಿನಲ್ಲಿ ನಿಂತರೆ ಮನೆಯಲ್ಲಿ ಏನೋ ಆಗಿದೆ ಎಂದೇ ಅರ್ಥ. ಮುನಿರಾಜು ಟೀ ಅಂಗಡಿಯಲ್ಲಿ ನನ್ನ ಭುಜದ ಮೇಲೆ ಕೈಯಿಟ್ಟು, "ಏನ್ ಮೇಷ್ಟ್ರೇ, ಅಕ್ಕ ಮುನಿಸ್ಕೊಂಡವ್ರಾ?" ಎಂದ.

"ಇಲ್ಲ ಕಣಯ್ಯ, ಸುಮ್ನೆ ಹೋಗ್ತಾಳೆ."

"ಸುಮ್ನೆ ಹೋಗ್ತಾರಾ? ಹೋಗ್ಲಿ ಬಿಡಿ. ನಾನು ಯಾರ್ಗೂ ಹೇಳಲ್ಲ" ಎಂದ. ಸಂಜೆಯ ಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು. ಅದೇ ವೇಳೆಗೆ ತುಮಕೂರಿನಿಂದ ಶೋಭಾ ಫೋನ್ ಮಾಡಿದಳು. ಅಮ್ಮ ಎಲ್ಲಿ ಎಂದಳು. ಎಲ್ಲೋ ಸುಮ್ನೆ ಹೋಗಿದ್ದಾಳೆ ಎಂದೆ. "ಅಪ್ಪಾ, ನಿಜ ಹೇಳು, ಯಾವ ಆಸ್ಪತ್ರೆ?" ಎಂದು ಅಳಲು ಶುರುಮಾಡಿದಳು.

ಅವತ್ತು ಜಯಮ್ಮನಿಗೆ ಬಸ್ಸು ತಪ್ಪಿ ಬರುವುದು ತಡವಾಯಿತು. ಹಸು ಕೂಗುತ್ತಿತ್ತು. ನಾನು ಚೊಂಬು ಹಿಡಿದು ಹೋದೆ. ಹಸು ನನ್ನನ್ನೂ ಚೊಂಬನ್ನೂ ಒಂದೇ ಏಟಿಗೆ ಬೇರೆ ಬೇರೆ ದಿಕ್ಕಿಗೆ ಕಳಿಸಿತು. ಮುನಿರಾಜುವಿನ ಹೆಂಡತಿ ಬಂದು ಹಾಲು ಕರೆದುಕೊಟ್ಟಳು. ಚೊಂಬನ್ನು ನನ್ನ ಕೈಗಿಟ್ಟು, ನಾನು ಹಿಡಿದುಕೊಂಡಿದ್ದ ಸೊಂಟದ ಕಡೆ ಒಮ್ಮೆ ನೋಡಿದಳು. ಆ ನೋಟದಲ್ಲಿ ನನ್ನ ಸಂಸಾರದ ಬಗ್ಗೆ ಪೂರ್ತಿ ಅಭಿಪ್ರಾಯವಿತ್ತು.

ಹೆಂಡತಿ ಬಂದ ತಕ್ಷಣ ನನ್ನ ಸೊಂಟದ ನೋವು ಕೋಪವಾಗಿ ಬಾಯಿಗೆ ಬಂತು. "ಸಾಕು ಕಣೇ ಈ ತಿರುಗಾಟ. ಜನ ಆಡ್ಕೊಳ್ತಾರೆ. ಇನ್ನು ಮೇಲೆ ಬೇಡ" ಎಂದೆ.

ಅವಳು ಚಪ್ಪಲಿ ಬಿಟ್ಟು, ಕಾಲು ತೊಳೆದು, "ಯಾಕೆ?" ಎಂದಳು.

ಒಳ್ಳೆಯ ಪ್ರಶ್ನೆ. ಕಾರಣಗಳನ್ನು ಬರೆಯಿರಿ ಎಂದು ನಾನು ಎಷ್ಟೋ ಪರೀಕ್ಷೆಗಳಲ್ಲಿ ಕೇಳಿದ್ದೇನೆ. ಮೊಗಲರ ಅವನತಿಗೆ, ಸಿಪಾಯಿಗಳ ದಂಗೆಗೆ, ಜನಸಂಖ್ಯೆಯ ಹೆಚ್ಚಳಕ್ಕೆ ಕಾರಣ ಹೇಳಬಲ್ಲೆ. ಇದಕ್ಕೆ ಒಂದೂ ಸಿಗಲಿಲ್ಲ. "ಯಾಕೆ ಅಂದ್ರೆ ಬೇಡ, ಅಷ್ಟೆ" ಎಂದೆ. ನನ್ನ ವಿದ್ಯಾರ್ಥಿ ಹೀಗೆ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ.

ಜಯಮ್ಮ ಹೋಗುವುದನ್ನು ನಿಲ್ಲಿಸಿದಳು. ಜಗಳವಾಡಲಿಲ್ಲ, ಮಾತು ಬಿಡಲಿಲ್ಲ, ಅಡುಗೆಗೆ ಉಪ್ಪು ಜಾಸ್ತಿ ಹಾಕಲಿಲ್ಲ. ಎಲ್ಲ ಕೆಲಸವೂ ಹೊತ್ತಿಗೆ ಸರಿಯಾಗಿ ನಡೆಯಿತು. ಆದರೆ ಎದುರುಮನೆಯ ಸುದ್ದಿ ಬರುವುದು ನಿಂತಿತು. ಕೇಳಿದ್ದಕ್ಕೆ ಉತ್ತರ ಬರುತ್ತಿತ್ತು, ಕೇಳದ್ದು ಯಾವುದೂ ಬರುತ್ತಿರಲಿಲ್ಲ. ಸಂಜೆ ನಾನು ಚಪ್ಪಲಿ ಮೆಟ್ಟುವಾಗ ಅವಳು ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದಳು. ನೋಡುವುದು ಅಷ್ಟೆ. ಹಾಗೆ ನೋಡಿಸಿಕೊಂಡು ಕುಂದಾಣದವರೆಗೆ ನಡೆಯುವುದು ಎಷ್ಟು ದೂರ ಎಂದು ನನಗೆ ಆ ದಿನಗಳಲ್ಲಿ ತಿಳಿಯಿತು. ಟೀಯಲ್ಲಿ ರುಚಿಯಿರಲಿಲ್ಲ. ನಡುದಾರಿಯಿಂದ ವಾಪಸ್ ಬಂದದ್ದೂ ಇದೆ.

ಕೊನೆಗೆ ಒಂದು ಬೆಳಿಗ್ಗೆ ನಾನೇ ದೊಡ್ಡ ಮನಸ್ಸು ಮಾಡಿ, "ಇವತ್ತು ಎಲ್ಲಿಗಾದ್ರೂ ಸುಮ್ನೆ ಹೋಗಿ ಬಾರೇ" ಎಂದೆ. ಕಣ್ಣಲ್ಲಿ ನೀರು ತುಂಬಿಕೊಂಡಾಳು ಎಂದು ಕಾಯುತ್ತಿದ್ದೆ.

ಅವಳು ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ನೀವು ಹೇಳಿ ಕಳ್ಸಿದ್ರೆ ಅದು ಸುಮ್ನೆ ಹೆಂಗಾಗುತ್ತೆ ರೀ?" ಎಂದಳು.

ಅವತ್ತು ಹೋಗಲಿಲ್ಲ. ಎರಡು ದಿನ ಬಿಟ್ಟು, ನಾನು ಪೇಪರ್ ಓದುತ್ತಿದ್ದಾಗ, ಬಾಗಿಲ ಹತ್ತಿರದಿಂದ "ಬರ್ತೀನಿ" ಎಂದದ್ದು ಕೇಳಿಸಿತು. ತಲೆಯೆತ್ತಿ ನೋಡುವಷ್ಟರಲ್ಲಿ ಗೇಟು ದಾಟಿದ್ದಳು. ಎಲ್ಲಿಗೆ ಎಂದು ನಾನು ಕೂಗಲಿಲ್ಲ. ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡೆ, ಕಷ್ಟವಾಯಿತು. ಸಂಜೆ ಬಂದವಳು, ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ನಾದಿನಿಯ ಬಗ್ಗೆ ಹೇಳಿದ್ದನ್ನೆಲ್ಲ ಊಟ ಮುಗಿಯುವವರೆಗೂ ಹೇಳಿದಳು. ಆ ನಾದಿನಿಯನ್ನು ನಾನು ಯಾವತ್ತೂ ನೋಡುವುದಿಲ್ಲ. ಆದರೂ ಬಾಯಿ ಬಿಟ್ಟುಕೊಂಡು ಕೇಳಿದೆ.

ಅವರೆಕಾಯಿ ಕಾಲ ಬಂತು. ಅದರ ಹಿಂದೆಯೇ ವಸುಧಾ ಮೇಡಂ ಎರಡನೆಯ ಸಲ ಬಂದರು. ಅದೇ ಹೆಂಗಸರನ್ನು ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿ, ಏನು ಬದಲಾಗಿದೆ ನೋಡುವುದು ಅವರ ಪದ್ಧತಿಯಂತೆ. ಈ ಸಲ ಅವರು ಹೇಳುವ ಮೊದಲೇ ನಾನು ಕೊಟ್ಟಿಗೆಯ ಕಡೆ ಹೊರಟಿದ್ದೆ. ಜಯಮ್ಮ ನೆನೆಸಿದ ಅವರೆಕಾಳು ಹಿತುಕುತ್ತಾ, "ಇರ್ಲಿ ಬಿಡಿ ಮೇಡಂ, ಅವರೂ ಕೇಳಿಸ್ಕೊಳ್ಳಿ" ಎಂದಳು. ಪದ್ಧತಿಗೆ ಅದು ಸರಿಯಲ್ಲ ಎಂದು ಮೇಡಂ ಮುಖ ಹೇಳಿತು. ಬಾಯಿ ಹೇಳಲಿಲ್ಲ. ನಾನು ಬಾಗಿಲ ಹೊಸ್ತಿಲಲ್ಲಿ, ಒಳಗೂ ಅಲ್ಲದೆ ಹೊರಗೂ ಅಲ್ಲದೆ ಕೂತೆ.

"ಹೊರಗೆ ಹೋಗೋಕೆ ಮನೆಯವರ ಅನುಮತಿ ಬೇಕಾ? ಬೇಕು, ಬೇಡ, ಕೆಲವು ಸಲ ಬೇಕು."

"ನಾನು ಕೇಳಲ್ಲ. ಅವರು ಕೊಡಲ್ಲ. ಹೋಗ್ತೀನಿ" ಎಂದಳು ಜಯಮ್ಮ.

ಮೇಡಂ ಬೆರಳು ಟ್ಯಾಬಿನ ಮೇಲೆ ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತ್ತು. ಒಂದೊಂದೇ ಉತ್ತರ ಬಂದಂತೆ ಅವರ ಮುಖ ಅರಳುತ್ತಾ ಹೋಯಿತು. ಹೋದ ಸಲ ಇಲ್ಲ ಎಂದದ್ದೆಲ್ಲ ಈಗ ಹೌದು. "ಅಮ್ಮಾ, ಎಷ್ಟು ಬದಲಾಗಿದೆ ನೋಡಿ! ಬಸ್ಸು ಫ್ರೀ ಮಾಡಿದ್ದು ನಿಮಗೆ ಇಷ್ಟೆಲ್ಲ ಮಾಡ್ತಲ್ವಾ?"

"ಬಸ್ಸು ಆವಾಗ್ಲೂ ಫ್ರೀನೇ ಇತ್ತಲ್ಲ ಮೇಡಂ. ನೀವು ಕೇಳಿದ್ರಲ್ಲ, ಸುಮ್ನೆ ಹೋಗಿದ್ದೀರಾ ಅಂತ. ನನ್ನನ್ನ ಯಾರೂ ಹಂಗೆ ಕೇಳಿರ್ಲಿಲ್ಲ. ಅದಕ್ಕೇ ಹೋದೆ."

ಮೇಡಂ ಮುಖ ಇಳಿದುಹೋಯಿತು. ನನಗೆ ನಿಜವಾಗಿ ಪಾಪ ಅನಿಸಿತು. "ಅಮ್ಮಾ, ನಾವು ಕೇಳಿದ್ದಕ್ಕೇ ನೀವು ಬದಲಾದ್ರೆ ನಮ್ಮ ಸಂಶೋಧನೆ ಕೆಟ್ಟ ಹಾಗೆ" ಎಂದರು.

"ಅಯ್ಯೋ, ಸಾರಿ ಮೇಡಂ" ಎಂದಳು ಜಯಮ್ಮ. ನಿಜವಾಗಲೂ ನೊಂದುಕೊಂಡಿದ್ದಳು. "ಬೇಕಿದ್ರೆ ಬಸ್ಸಿಂದ ಅಂತಲೇ ಬರ್ಕೊಳ್ಳಿ."

ಇಷ್ಟು ಹೊತ್ತು ಬಾಯಿ ಕಟ್ಟಿಕೊಂಡು ಕೂತಿದ್ದ ಸಮಾಜ ವಿಜ್ಞಾನದ ಮೇಷ್ಟರಿಗೆ ತಡೆಯಲಾಗಲಿಲ್ಲ. "ಬೇಡ ಮೇಡಂ. ಅವಳು ಹೇಳಿದ್ದನ್ನೇ ಬರ್ಕೊಳ್ಳಿ. ಬಸ್ಸಿದ್ದದ್ದಕ್ಕೆ ಹೋಗೋಕಾಯ್ತು, ನೀವು ಕೇಳಿದ್ದಕ್ಕೆ ಹೋಗ್ಬೇಕು ಅನ್ನಿಸ್ತು. ನಾನು ಇಷ್ಟು ವರ್ಷ ಇದೇ ಮನೇಲಿದ್ದೆ, ನಾನೂ ಕೇಳಿರ್ಲಿಲ್ಲ" ಎಂದೆ. ಕೊನೆಯ ಮಾತು ಹೇಳಬೇಕೆಂದು ಹೇಳಿದ್ದಲ್ಲ, ಜೊತೆಗೆ ಬಂದುಬಿಟ್ಟಿತು. ಜಯಮ್ಮ ಅವರೆಕಾಳಿನಿಂದ ಕಣ್ಣೆತ್ತಿ ನನ್ನನ್ನು ಒಂದು ಸಲ ನೋಡಿದಳು, ಮತ್ತೆ ಹಿತುಕಲು ಶುರುಮಾಡಿದಳು. ಮೇಡಂ ಟ್ಯಾಬು ಪಕ್ಕಕ್ಕಿಟ್ಟು, ತಾವೂ ಒಂದು ಹಿಡಿ ಕಾಳು ತೆಗೆದುಕೊಂಡು ಕೂತರು. ಅವರು ಹಿತುಕಿದ ಬೇಳೆ ಒಂದು ಗೋಡೆಗೆ, ಒಂದು ನನ್ನ ಕನ್ನಡಕಕ್ಕೆ ಹಾರಿತು. ಊಟ ಮಾಡಿಕೊಂಡೇ ಹೋದರು. ಅವತ್ತು ಅವರಿಗೆ ಟ್ರಾಫಿಕ್ ಸಿಕ್ಕಿರಬೇಕು.

ಬಹಳ ದಿನಗಳ ಮೇಲೆ ಅವರ ಸಂಶೋಧನೆ ಅಚ್ಚಾಗಿ, ವಾಟ್ಸಾಪಿನಲ್ಲಿ ನನಗೂ ಒಂದು ಪ್ರತಿ ಬಂತು. ಇಂಗ್ಲಿಷು, ಪುಟಗಟ್ಟಲೆ ಕೋಷ್ಟಕ. ಬಸ್ಸಿನಿಂದ ಹೆಂಗಸರಿಗೆ ಒಳ್ಳೆಯದಾಗಿದೆ, ಆದರೆ ಖಚಿತವಾಗಿ ಹೇಳಲಾಗದು, ಇನ್ನಷ್ಟು ಸಂಶೋಧನೆ ಬೇಕು ಎಂಬ ತೀರ್ಮಾನಕ್ಕೆ ಬಂದಿದ್ದರು. ಇನ್ನಷ್ಟು ಸಂಶೋಧನೆ ಬೇಡ ಎಂದು ಹೇಳಿದ ಸಂಶೋಧನೆಯನ್ನು ನಾನು ಇನ್ನೂ ನೋಡಬೇಕಾಗಿದೆ. ಜಯಮ್ಮ ಎಲ್ಲಿದ್ದಾಳೆಂದು ಹುಡುಕುತ್ತಾ ಹೋದೆ. ಒಂದು ಪುಟದ ತಳದಲ್ಲಿ, ಇರುವೆಯಷ್ಟು ಅಕ್ಷರದಲ್ಲಿ ಸಿಕ್ಕಿದಳು. ಉತ್ತರ ಕೊಟ್ಟವರಲ್ಲಿ ಒಬ್ಬರ ಮೇಲೆ ಪ್ರಶ್ನಾವಳಿಯೇ ಪ್ರಭಾವ ಬೀರಿರುವ ಸಾಧ್ಯತೆಯಿದೆ, ಆದ್ದರಿಂದ ಅವರನ್ನು ಲೆಕ್ಕದಿಂದ ಕೈಬಿಡಲಾಗಿದೆ.

"ಏನ್ ಬರ್ದಿದ್ದಾರೆ ನನ್ನ ಬಗ್ಗೆ?" ಎಂದು ಜಯಮ್ಮ ಹತ್ತಿರ ಬಂದು ಕೂತಳು.

ನಾನು ಕನ್ನಡಕ ಸರಿಮಾಡಿಕೊಂಡು, "ಊರಲ್ಲಿ ಒಬ್ಬ ಹೆಂಗಸು ಮಾತ್ರ ಪ್ರಶ್ನೇನ ಸೀರಿಯಸ್ಸಾಗಿ ತಗೊಂಡ್ಳು ಅಂತ ಬರ್ದಿದ್ದಾರೆ" ಎಂದೆ. ಅನುವಾದದಲ್ಲಿ ನಾನು ಅಷ್ಟು ಪಳಗಿದವನಲ್ಲ, ಆದರೆ ಇದು ಮೂಲಕ್ಕಿಂತ ನಿಖರವಾಗಿದೆ ಎಂಬುದು ನನ್ನ ಅಭಿಪ್ರಾಯ. ಅವಳಿಗೆ ಸಂತೋಷವಾಯಿತು.

ಕಳೆದ ತಿಂಗಳು ಒಂದು ಬೆಳಿಗ್ಗೆ ಅವಳು ಸೀರೆ ಉಟ್ಟು ಹೊರಟಾಗ, "ನಾನೂ ಬರ್ಲಾ?" ಎಂದು ಕೇಳಿದೆ. ಕೇಳಿದ ದನಿ ನನಗೇ ಹೊಸದಾಗಿತ್ತು. ಅವಳು ಸ್ವಲ್ಪ ಯೋಚಿಸಿದಳು. ಯೋಚಿಸುವಷ್ಟು ಹೊತ್ತು ನಾನು ಒಂದು ಕೈಯಲ್ಲಿ ಚಪ್ಪಲಿ ಹಿಡಿದು ನಿಂತಿದ್ದೆ.

"ಬನ್ನಿ. ಆದ್ರೆ ದಾರೀಲಿ ಏನೂ ಕೇಳ್ಬಾರ್ದು" ಎಂದಳು.

ಬಸ್ಸು ತುಂಬಿತ್ತು. ಅವಳಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ನಾನು ಕಂಬಿ ಹಿಡಿದು ನಿಂತೆ. ಕಂಡಕ್ಟರು ಬಂದು ಅವಳನ್ನು ಎಲ್ಲಿಗಮ್ಮ ಎಂದ. "ಕೊನೇ ಸ್ಟಾಪಿಗೆ ಕೊಡಪ್ಪ. ಮಧ್ಯೆ ಎಲ್ಲಾದ್ರೂ ಚೆನ್ನಾಗಿದ್ರೆ ಇಳ್ಕೊತೀನಿ" ಎಂದಳು. ಅವನು ನಕ್ಕು, ಚೀಟಿ ಹರಿದು ಕೊಟ್ಟು, ನನ್ನ ಕಡೆ ತಿರುಗಿದ.

"ನಿಮ್ಗೆ ಎಲ್ಲಿಗೆ ಸಾರ್?"

ಇಡೀ ಜಿಲ್ಲೆಯ ನಕ್ಷೆಯನ್ನು ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಬರೆಯಬಲ್ಲ ನಾನು ಜೇಬಿಗೆ ಕೈ ಹಾಕಿಕೊಂಡು ಹೆಂಡತಿಯ ಮುಖ ನೋಡಿದೆ. ಅವಳು ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು.

"ಅವ್ರಿಗೆ ಎಲ್ಲಿಗೆ ಕೊಟ್ಟಿದ್ದೀಯೋ ಅಲ್ಲಿಗೇ ಕೊಡಪ್ಪ" ಎಂದೆ.